ಗ್ರೀಕ್ ಸುವಾರ್ತೆಯ ಹಸ್ತಪ್ರತಿ: ಅಂಚಿನಿಂದ ಒಳಕ್ಕೆ ಓದುವ ಕ್ರಮ

ಗ್ರೀಕ್ ಬಾರದವರು ಗ್ರೀಕ್ ಹಸ್ತಪ್ರತಿಯನ್ನು ಓದಬಹುದೇ? ಓದಬಹುದು. ಒಂದೇ ಷರತ್ತು, ನಡುವಿನ ಪಠ್ಯಕ್ಕೆ ಕೊನೆಯಲ್ಲಿ ಬರಬೇಕು. ಮೊದಲು ಹಾಳೆಗಳ ಲೆಕ್ಕ, ಆಮೇಲೆ ಅಂಚು, ಆಮೇಲೆ ಕಟ್ಟಕಡೆಯ ಪುಟ, ಇಷ್ಟೆಲ್ಲ ಮುಗಿದ ಮೇಲೆ ಪಠ್ಯ. ನಾನು ಸಾಗರದಲ್ಲಿ ದಸ್ತಾವೇಜು ಬರೆದು ಬದುಕಿದವನು. ಹಳೆಯ ಕ್ರಯಪತ್ರ ಕೈಗೆ ಬಂದರೆ ನಮ್ಮ ಕಸುಬಿನವರು ಒಕ್ಕಣೆಯನ್ನು ಓದುವುದಕ್ಕೆ ಮೊದಲು ಛಾಪಾ ಕಾಗದ, ಅಂಚಿನ ಷರಾ, ಸಾಕ್ಷಿಗಳ ರುಜು, ಬರೆದವನ ಹೆಸರು ನೋಡುತ್ತಾರೆ. ಒಕ್ಕಣೆಯನ್ನು ಚೆಂದ ಮಾಡಿ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಅಂಚಿನಲ್ಲಿ ಸುಳ್ಳು ಹೇಳುವುದು ಕಷ್ಟ.

ಭಾನುವಾರ ನಮ್ಮ ಮನೆಯ ಜಗಲಿಗೆ ತಿಗಳಾರಿ ಲಿಪಿ ಕಲಿಯಲು ನಾಲ್ಕಾರು ಮಂದಿ ಬರುತ್ತಾರೆ. ಅವರಲ್ಲಿ ಚರ್ಚಿನ ಗಾಯನ ತಂಡದಲ್ಲಿ ಹಾಡುವ ಹುಡುಗಿಯೊಬ್ಬಳು ‘ಅಜ್ಜ, ನಮ್ಮ ಸುವಾರ್ತೆಗಳೂ ಕೈಬರಹದಲ್ಲೇ ಬಂದವಲ್ಲ, ಅವನ್ನು ನೋಡುವುದು ಹೇಗೆ’ ಎಂದು ಕೇಳಿದಳು. ಯೇಸುವಿನ ಬದುಕನ್ನು ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಪುಸ್ತಕಗಳೇ ಸುವಾರ್ತೆಗಳು. ಅವಳಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಪ್ರತಿಯನ್ನು ಆರಿಸುವುದು

ಸುವಾರ್ತೆಗಳು ಸೇರಿದ ಬೈಬಲ್ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು ಐದೂವರೆ ಸಾವಿರಕ್ಕೂ ಹೆಚ್ಚು ಪಟ್ಟಿಯಾಗಿವೆ. ಪಟ್ಟಿಗೆ ಈಗಿನ ಸಂಖ್ಯಾಕ್ರಮವನ್ನು 1908ರಲ್ಲಿ ಕೊಟ್ಟವರು ಕ್ಯಾಸ್ಪರ್ ರೆನೆ ಗ್ರೆಗರಿ, ಮುಂದುವರಿಸಿದವರು ಕುರ್ಟ್ ಆಲಂಡ್. ಈಗ ಅದನ್ನು ನೋಡಿಕೊಳ್ಳುವುದು ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿರುವ ಸಂಶೋಧನಾ ಸಂಸ್ಥೆ. ಸಂಖ್ಯೆಯನ್ನು ನೋಡಿದರೆ ಪ್ರತಿಯ ಜಾತಿ ತಿಳಿಯುತ್ತದೆ. ಸಂಖ್ಯೆಯ ಮುಂದೆ ‘ಪಿ’ ಇದ್ದರೆ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಹಾಳೆ. ಸೊನ್ನೆಯಿಂದ ಶುರುವಾದರೆ ಬಿಡಿಬಿಡಿಯಾದ ದೊಡ್ಡಕ್ಷರಗಳಲ್ಲಿ ಬರೆದದ್ದು. ಬರೀ ಸಂಖ್ಯೆಯಾದರೆ ಕೂಡಿಸಿ ಬರೆಯುವ ಸಣ್ಣಕ್ಷರದ ಪ್ರತಿ. ಮುಂದೆ ‘ಎಲ್’ ಇದ್ದರೆ ಚರ್ಚಿನಲ್ಲಿ ದಿನಕ್ಕಿಷ್ಟು ಎಂದು ಓದಲು ಜೋಡಿಸಿದ ವಾಚನ ಗ್ರಂಥ.

ನಿಮಗೆ ಬೇಕಾದದ್ದು ಬರೀ ಸಂಖ್ಯೆಯದು. 11 ಅಥವಾ 12ನೇ ಶತಮಾನದ್ದಾಗಿರಲಿ, ನಾಲ್ಕೂ ಸುವಾರ್ತೆಗಳಿರಲಿ, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬಣ್ಣದ ಚಿತ್ರಗಳು ಸಿಗುವಂತಿರಲಿ. ಎಲ್ಲರೂ ಮೊದಲು ಸಿನಾಯ್ ಕೋಡೆಕ್ಸ್ ಎಂಬ ಹಳೆಯ ಬೈಬಲ್ ಪ್ರತಿಗೆ ಕೈ ಹಾಕುತ್ತಾರೆ. ನಾಲ್ಕನೆಯ ಶತಮಾನದ್ದು, ಬ್ರಿಟನ್ 1933ರಲ್ಲಿ ಸೋವಿಯತ್ ಸರ್ಕಾರಕ್ಕೆ ಒಂದು ಲಕ್ಷ ಪೌಂಡ್ ಕೊಟ್ಟು ಕೊಂಡದ್ದು, ಜಾಲತಾಣದಲ್ಲಿ ಸುಲಭವಾಗಿ ಸಿಗುವಂಥದ್ದು. ಆದರೆ ಪುಟಕ್ಕೆ ನಾಲ್ಕು ಕಂಬಸಾಲು, ಪದಗಳ ನಡುವೆ ಬಿಡುವಿಲ್ಲ. ಹೊಸಬರು ಎರಡನೆಯ ಪುಟಕ್ಕೇ ಸುಸ್ತಾಗುತ್ತಾರೆ. ಅದು ಹಾಗೇ ಇರಲಿ.

ಅಮೆರಿಕದ ಬಾಲ್ಟಿಮೋರ್‌ನ ವಾಲ್ಟರ್ಸ್ ಕಲಾ ವಸ್ತುಸಂಗ್ರಹಾಲಯವು ತನ್ನ ಗ್ರೀಕ್ ಸುವಾರ್ತೆಗಳನ್ನು ಇಡಿಯಾಗಿ, ಇಳಿಸಿಕೊಳ್ಳಲು ಮುಕ್ತವಾಗಿ ಇಟ್ಟಿದೆ. ಶುರು ಮಾಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ಜಾಲತಾಣ, ಟೆಕ್ಸಾಸ್‌ನಲ್ಲಿ 2002ರಲ್ಲಿ ಶುರುವಾದ ಹೊಸ ಒಡಂಬಡಿಕೆ ಹಸ್ತಪ್ರತಿಗಳ ಅಧ್ಯಯನ ಕೇಂದ್ರ, ಮ್ಯೂನ್‌ಸ್ಟರ್‌ನವರ ಜಾಲತಾಣದ ಓದುಕೋಣೆ, ಇವೂ ಇವೆ. ಸಿನಾಯ್ ಬೆಟ್ಟದ ಸಂತ ಕ್ಯಾಥರೀನ್ ಮಠದ ಪ್ರತಿಗಳನ್ನು 1949-50ರಲ್ಲಿ ಮೈಕ್ರೊಫಿಲ್ಮ್ ಮಾಡಿದ್ದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಾಲಕ್ಕೆ ಹಾಕಿದೆ. ಅವು ಕಪ್ಪುಬಿಳುಪು. ಅಂಚಿನಲ್ಲಿರುವುದರಲ್ಲಿ ಅರ್ಧದಷ್ಟು ಕೆಂಪು ಶಾಯಿಯದ್ದಾಗಿರುವಾಗ ಕಪ್ಪುಬಿಳುಪಿನ ಚಿತ್ರದಿಂದ ಕಲಿಯಲು ಹೊರಡಬೇಡಿ.

ಯಾವ ಪ್ರತಿಯಾದರೂ ಮಳೆಗಾಲ ಹಿಡಿಯುವ ಮೊದಲೇ ಇಳಿಸಿಕೊಳ್ಳಿ. ಆಷಾಢದಲ್ಲಿ ನಮ್ಮ ಕಡೆ ಕರೆಂಟನ್ನೂ ನೆಟ್‌ವರ್ಕನ್ನೂ ನಂಬುವ ಹಾಗಿಲ್ಲ. ಚಿತ್ರಗಳು ಭಾರವಾಗಿರುತ್ತವೆ, ಶಿವಮೊಗ್ಗಕ್ಕೆ ಹೋಗುವವರ ಕೈಯಲ್ಲಿ ಪೆನ್‌ಡ್ರೈವ್ ಕೊಟ್ಟು ತರಿಸಿಕೊಂಡರೂ ಆದೀತು. ಮೊಬೈಲ್ ಪರದೆ ಸಾಲದು. ಎರಡು ಪುಟಗಳು ಅಕ್ಕಪಕ್ಕ ಕಾಣಬೇಕು, ಏಕೆಂದರೆ ಮೊದಲ ಕೆಲಸ ನಡೆಯುವುದೇ ಹಾಗೆ. ಜೊತೆಗೆ ಗೆರೆ ಹಾಕಿದ ಒಂದು ನೋಟ್‌ಬುಕ್, ಒಂದು ಕನ್ನಡ ಸತ್ಯವೇದ, ಗ್ರೀಕ್ ಅಕ್ಷರಮಾಲೆಯ ಒಂದು ಪಟ್ಟಿ ಇಟ್ಟುಕೊಳ್ಳಿ.

ಹಾಳೆಗಳ ಲೆಕ್ಕ

ಇವು ಚರ್ಮದ ಹಾಳೆಗಳು. ಆಡು, ಕುರಿ, ಕರುವಿನ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿದವು. ಇದನ್ನು ಹೇಳಿದಾಗ ಜಗಲಿಯ ಮೇಲೆ ಕೆಲವರು ಮುಖ ಕಿವುಚಿದರು. ಮದ್ದಳೆಗೆ ಏನು ಹೊದಿಸುತ್ತಾರೆ ಎಂದು ಕೇಳಿದೆ, ಸುಮ್ಮನಾದರು.

ಚರ್ಮಕ್ಕೆ ಎರಡು ಮೈ. ಕೂದಲಿದ್ದ ಬದಿ ಸ್ವಲ್ಪ ಹಳದಿ, ಹತ್ತಿರದಿಂದ ನೋಡಿದರೆ ರೋಮಕೂಪಗಳ ಸಣ್ಣ ಚುಕ್ಕೆಗಳು. ಮಾಂಸದ ಬದಿ ಬಿಳುಪು, ನುಣುಪು. ಹಾಳೆಗಳನ್ನು ಮಡಿಸಿ ಕಟ್ಟು ಮಾಡುವಾಗ ಕೂದಲ ಬದಿಗೆ ಕೂದಲ ಬದಿ, ಮಾಂಸದ ಬದಿಗೆ ಮಾಂಸದ ಬದಿ ಎದುರಾಗುವಂತೆ ಜೋಡಿಸುತ್ತಿದ್ದರು. ಪಟ್ಟಿ ಮಾಡಿದ ಗ್ರೆಗರಿಯೇ ಗುರುತಿಸಿದ ಈ ನಿಯಮಕ್ಕೆ ಅವರ ಹೆಸರೇ ನಿಂತಿದೆ. ಒಂದು ಕಟ್ಟಿಗೆ ಸಾಮಾನ್ಯವಾಗಿ ಎಂಟು ಹಾಳೆ, ಅಂದರೆ ಹದಿನಾರು ಪುಟ. ಗ್ರೀಕ್ ಕಟ್ಟುಗಳು ಸಾಧಾರಣವಾಗಿ ಮಾಂಸದ ಬದಿಯನ್ನು ಹೊರಗಿಟ್ಟು ಶುರುವಾಗುತ್ತವೆ.

ಈಗ ಪರದೆಯ ಮೇಲೆ ಪುಸ್ತಕವನ್ನು ಎರಡೆರಡು ಪುಟವಾಗಿ ತಿರುವುತ್ತಾ ಹೋಗಿ. ಎಡಪುಟ ಹಳದಿಯಾದರೆ ಬಲಪುಟವೂ ಹಳದಿ ಇರಬೇಕು. ಎಲ್ಲಾದರೂ ಎಡಕ್ಕೆ ಹಳದಿ, ಬಲಕ್ಕೆ ಬಿಳುಪು ಬಂದರೆ ಅಲ್ಲಿ ನಿಲ್ಲಿ. ಅಲ್ಲಿ ಒಂದು ಹಾಳೆ ಹೋಗಿರಬಹುದು, ಅಥವಾ ಒಂದು ಹಾಳೆಯನ್ನು ಆಮೇಲೆ ಸೇರಿಸಿರಬಹುದು. ಹಾಳೆಯ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಗ್ರಂಥಾಲಯದವರು ಪುಟಗಳನ್ನು ಎಣಿಸುವುದಿಲ್ಲ, ಹಾಳೆಗಳನ್ನು ಎಣಿಸುತ್ತಾರೆ: 57ರ ಮುಂಬದಿ, 57ರ ಹಿಂಬದಿ. ಓಲೆಗರಿ ನೋಡಿದವರಿಗೆ ಇದು ಹೊಸದಲ್ಲ. ಬಣ್ಣ ತಪ್ಪಿದ ಜಾಗದಲ್ಲಿ ಯಾವ ಅಧ್ಯಾಯ ನಡೆಯುತ್ತಿತ್ತು ಎಂಬುದನ್ನು ಮುಂದೆ ಪಠ್ಯಕ್ಕೆ ಬಂದಾಗ ನೋಡಿದರೆ, ಕಳೆದ ಹಾಳೆಯಲ್ಲಿ ಏನಿತ್ತು ಎಂಬುದೂ ಸಿಗುತ್ತದೆ. ಒಂದೇ ಒಂದು ಗ್ರೀಕ್ ಅಕ್ಷರ ತಿಳಿಯದೆ ಪುಸ್ತಕದ ಕೊರತೆಯನ್ನು ಹಿಡಿಯುವ ಈ ಕೆಲಸ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ.

ನಡುವೆ ಚರ್ಮದ ಬದಲು ಕಾಗದ ಬಂದರೆ, ಕೈಬರಹ ಬೇರೆಯಾದರೆ, ಹಾಳಾದ ಭಾಗವನ್ನು ಯಾರೋ ಆಮೇಲೆ ಬರೆದು ತುಂಬಿಸಿದ್ದಾರೆಂದು ತಿಳಿಯಿರಿ. ಅಲ್ಲಿಂದ ಅದು ಬೇರೆ ಕಾಲದ ದಾಖಲೆ. ಟಿಪ್ಪಣಿಯಲ್ಲೂ ಬೇರೆಯಾಗಿ ಬರೆಯಿರಿ.

ಗೆರೆಗಳನ್ನೂ ಒಮ್ಮೆ ನೋಡಿ. ಮೊಂಡು ಮೊನೆಯಿಂದ ಒತ್ತಿ ಎಳೆದ, ಶಾಯಿಯಿಲ್ಲದ ಗೆರೆಗಳು. ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ಅಕ್ಷರಗಳು ಗೆರೆಯ ಮೇಲೆ ಕೂರುವುದನ್ನು ಬಿಟ್ಟು ಗೆರೆಯಿಂದ ತೂಗತೊಡಗುತ್ತವೆ.

ಚಿತ್ರಗಳನ್ನು ಬೇಗ ದಾಟಿ. ಬಂಗಾರದ ಹಿನ್ನೆಲೆಯಲ್ಲಿ ಕೂತು ಬರೆಯುವ ಮತ್ತಾಯ, ಮಾರ್ಕ, ಲೂಕ, ಶಿಷ್ಯ ಪ್ರೊಖೊರಸನಿಗೆ ಹೇಳಿ ಬರೆಸುವ ಯೋಹಾನ. ವಾಟ್ಸಾಪಿನಲ್ಲಿ ಓಡಾಡುವುದು ಇವೇ. ನೋಡಬೇಕಾದದ್ದು ಒಂದು: ಚಿತ್ರ ಬಿಡಿ ಹಾಳೆಯ ಮೇಲಿದೆಯೇ, ಅದರ ಬೆನ್ನು ಖಾಲಿಯೇ? ಹಾಗಿದ್ದರೆ ಅದನ್ನು ಬೇರೆಯವರು ಬರೆದು, ಕೆಲವು ಸಲ ಬೇರೆ ಕಾಲದಲ್ಲಿ, ಒಳಗೆ ಸೇರಿಸಿರುವ ಸಾಧ್ಯತೆ ಇದೆ. ಪುಸ್ತಕದ ಕಾಲವನ್ನು ಚಿತ್ರದಿಂದ ಹೇಳಹೊರಡುವವರು ಈ ಬೆನ್ನನ್ನು ನೋಡಿರುವುದಿಲ್ಲ.

ಅಂಚಿನ ಸಂಖ್ಯೆಗಳು

ಈಗ ಅಕ್ಷರಗಳ ಪಟ್ಟಿ ತೆಗೆಯಿರಿ. ಗ್ರೀಕರಿಗೆ ಅಕ್ಷರಗಳೇ ಅಂಕಿಗಳು. ಆಲ್ಫಾ 1, ಬೀಟಾ 2, ಹೀಗೆ ಥೀಟಾವರೆಗೆ 9. ಅಯೋಟಾ 10, ಕಪ್ಪಾ 20, ಹತ್ತತ್ತರಂತೆ 90ರವರೆಗೆ. ರೋ 100, ಸಿಗ್ಮಾ 200, ನೂರು ನೂರರಂತೆ 900ರವರೆಗೆ. ಬಳಕೆ ತಪ್ಪಿದ ಮೂರು ಅಕ್ಷರಗಳನ್ನು ಅಂಕಿಗಾಗಿಯೇ ಉಳಿಸಿಕೊಂಡಿದ್ದಾರೆ: 6ಕ್ಕೆ ಸ್ಟಿಗ್ಮಾ, 90ಕ್ಕೆ ಕೊಪ್ಪಾ, 900ಕ್ಕೆ ಸಾಂಪಿ. ಒಟ್ಟು ಇಪ್ಪತ್ತೇಳು. ಅಕ್ಷರಗಳಿಗೆ ಅಂಕಿಯ ಬೆಲೆ ಕೊಡುವ ನಮ್ಮ ಕಟಪಯಾದಿ ಬಲ್ಲವರು ಒಂದು ಎಚ್ಚರ ವಹಿಸಬೇಕು. ಇಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ನಡೆಯುವುದಿಲ್ಲ. ಬರೆದ ಅಕ್ಷರಗಳ ಬೆಲೆಯನ್ನು ಸುಮ್ಮನೆ ಕೂಡಿಸಿದರೆ ಮುಗಿಯಿತು. ರೋ, ಮ್ಯೂ, ಜೀಟಾ ಎಂದರೆ 100, 40, 7, ಅಂದರೆ 147.

ಪುಟದ ಬದಿಯ ಅಂಚಿನಲ್ಲಿ ಒಂದರ ಕೆಳಗೊಂದು ಎರಡು ಸಂಖ್ಯೆಗಳು ಕಾಣುತ್ತವೆ, ಕೆಳಗಿನದು ಹೆಚ್ಚಾಗಿ ಕೆಂಪು. ಇವು ನಾಲ್ಕನೆಯ ಶತಮಾನದ ಕೈಸರೈಯದ ಬಿಷಪ್ ಯುಸೇಬಿಯಸ್ ಮಾಡಿದ ವ್ಯವಸ್ಥೆ. ಅಧ್ಯಾಯ, ವಚನ ಎಂಬ ಈಗಿನ ವಿಂಗಡಣೆ ಆಗ ಇರಲಿಲ್ಲ. ಆತ ಮತ್ತಾಯನ ಸುವಾರ್ತೆಯನ್ನು 355 ತುಂಡು, ಮಾರ್ಕನದನ್ನು 233, ಲೂಕನದನ್ನು 342, ಯೋಹಾನನದನ್ನು 232 ತುಂಡು ಮಾಡಿ ಎಣಿಸಿದ. ಮೇಲಿನ ಸಂಖ್ಯೆ ಆ ತುಂಡಿನದು. ಕೆಳಗಿನದು, ಆ ತುಂಡು ಯಾವ ಕೋಷ್ಟಕದಲ್ಲಿದೆ ಎಂದು ಹೇಳುವ 1ರಿಂದ 10ರವರೆಗಿನ ಸಂಖ್ಯೆ. ಕೋಷ್ಟಕಗಳು ಪುಸ್ತಕದ ಮೊದಲಲ್ಲಿ ಕಂಬ, ಕಮಾನುಗಳ ನಡುವೆ ಬರೆದಿರುತ್ತವೆ. ಮೊದಲನೆಯದರಲ್ಲಿ ನಾಲ್ವರೂ ಹೇಳಿದ ಪ್ರಸಂಗಗಳು. ಎರಡರಿಂದ ನಾಲ್ಕರವರೆಗೆ ಮೂವರು ಹೇಳಿದವು. ಐದರಿಂದ ಒಂಬತ್ತರವರೆಗೆ ಇಬ್ಬರು ಹೇಳಿದವು. ಹತ್ತನೆಯದರಲ್ಲಿ ಒಬ್ಬರೇ ಹೇಳಿದವು.

ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುತ್ತೇವೆ: ಪೂರ್ವಕ್ಕೆ ಇಂಥವರ ಅಡಿಕೆ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಸೊಪ್ಪಿನಬೆಟ್ಟ, ದಕ್ಷಿಣಕ್ಕೆ ಬಂಡಿದಾರಿ. ನನ್ನ ಪತ್ರದಲ್ಲಿ ಪೂರ್ವಕ್ಕೆ ನಿಮ್ಮ ತೋಟ ಎಂದಿದ್ದರೆ ನಿಮ್ಮ ಪತ್ರದಲ್ಲಿ ಪಶ್ಚಿಮಕ್ಕೆ ನನ್ನ ತೋಟ ಎಂದಿರಲೇಬೇಕು. ಇಲ್ಲದಿದ್ದರೆ ಎರಡರಲ್ಲಿ ಒಂದು ಪತ್ರ ತಪ್ಪು. ಯುಸೇಬಿಯಸನ ಕೋಷ್ಟಕವನ್ನು ಬಳಸುವುದು ಹೀಗೆಯೇ. ಮೊದಲ ಕೋಷ್ಟಕದ ಮೊದಲ ಸಾಲು 8, 2, 7, 10. ಅದೃಷ್ಟಕ್ಕೆ ನಾಲ್ಕೂ ಒಂಟಿ ಅಕ್ಷರಗಳು: ಈಟಾ, ಬೀಟಾ, ಜೀಟಾ, ಅಯೋಟಾ. ಮತ್ತಾಯನಲ್ಲಿ ಅಂಚಿನ ಈಟಾ ಹುಡುಕಿ, ಅದರ ಕೆಳಗೆ ಆಲ್ಫಾ ಇರಬೇಕು. ಮಾರ್ಕನಲ್ಲಿ ಬೀಟಾ ಹುಡುಕಿ, ಕೆಳಗೆ ಮತ್ತೆ ಆಲ್ಫಾ. ಲೂಕನಲ್ಲಿ ಜೀಟಾ, ಯೋಹಾನನಲ್ಲಿ ಅಯೋಟಾ. ನಾಲ್ಕು ಕಡೆಯೂ ಅರಣ್ಯದಲ್ಲಿ ಕೂಗುವವನ ಶಬ್ದದ ಮಾತೇ ಇರುತ್ತದೆ. ಸತ್ಯವೇದದಲ್ಲಿ ಮತ್ತಾಯ 3:3, ಮಾರ್ಕ 1:3, ಲೂಕ 3:4, ಯೋಹಾನ 1:23 ತೆಗೆದು ತಾಳೆ ನೋಡಿ. ಅದಾದ ಮೇಲೆ ಐದು ಸಾವಿರ ಜನರಿಗೆ ಊಟ ಬಡಿಸಿದ ಪ್ರಸಂಗ: 147, 64, 93, 49.

ಈ ನಾಲ್ಕು ಬಿಂದುಗಳನ್ನು ಕಂಡುಕೊಂಡರೆ ಪುಸ್ತಕದಲ್ಲಿ ನೀವು ಎಲ್ಲಿದ್ದೀರಿ ಎಂಬುದು ತಿಳಿಯುತ್ತದೆ, ಭಾಷೆ ಬಾರದಿದ್ದರೂ. ಸಂಖ್ಯೆಗಳು ತಾಳೆಯಾಗದ ಕಡೆಯನ್ನೂ ಗುರುತು ಹಾಕಿಕೊಳ್ಳಿ. ಬರೆದವನು ಸಂಖ್ಯೆಗಳನ್ನು ಪಠ್ಯ ಮುಗಿಸಿದ ಮೇಲೆ ಬೇರೆ ಶಾಯಿಯಲ್ಲಿ ಹಾಕುತ್ತಿದ್ದ. ಬೇಸರ ಬಂದ ಕಡೆ ತಪ್ಪಿಸಿದ್ದಾನೆ, ಕೆಲವು ಪ್ರತಿಗಳಲ್ಲಿ ಕೋಷ್ಟಕದ ಸಂಖ್ಯೆಯನ್ನು ಹಾಕುವ ಗೋಜಿಗೇ ಹೋಗಿಲ್ಲ. ಇನ್ನು ಕೆಲವರು ಸಮಾನ ಪ್ರಸಂಗಗಳ ಸಂಖ್ಯೆಗಳನ್ನು ಪುಟದ ಬುಡದಲ್ಲೇ ಬರೆದು ಓದುವವನಿಗೆ ಕೋಷ್ಟಕಕ್ಕೆ ಓಡುವ ಕಷ್ಟವನ್ನು ತಪ್ಪಿಸಿದ್ದಾರೆ. ಅಂಥವರ ಮೇಲೆ ನನಗೆ ಗೌರವ.

ಪುಟದ ನೆತ್ತಿಯಲ್ಲಿರುವ ಸಂಖ್ಯೆ, ಶೀರ್ಷಿಕೆಗಳು ಬೇರೊಂದು ಎಣಿಕೆ, ಇದರೊಂದಿಗೆ ಬೆರೆಸಬೇಡಿ. ಅದು ಪ್ರಸಂಗಗಳ ಪಟ್ಟಿ: ಮತ್ತಾಯನಲ್ಲಿ 68, ಮಾರ್ಕನಲ್ಲಿ 48, ಲೂಕನಲ್ಲಿ 83, ಯೋಹಾನನಲ್ಲಿ 18. ಒಂದನೆಯ ಪ್ರಸಂಗ ಸುವಾರ್ತೆಯ ಮೊದಲ ಸಾಲಿಗೇ ಶುರುವಾಗುವುದಿಲ್ಲ ಎಂಬುದು ನೆನಪಿರಲಿ. ಮತ್ತಾಯನಲ್ಲಿ ಒಂದನೆಯದು ಮೂಡಣ ದೇಶದ ಜೋಯಿಸರದು, ಯೋಹಾನನಲ್ಲಿ ಕಾನಾ ಊರಿನ ಮದುವೆ; ಎರಡೂ ನಮ್ಮ ಲೆಕ್ಕದಲ್ಲಿ ಎರಡನೆಯ ಅಧ್ಯಾಯ.

ಓದುವವನಿಗೆ ಕೊಟ್ಟ ಸೂಚನೆಗಳು

ಸಾಲುಗಳ ನಡುವೆ ಸಣ್ಣದಾಗಿ, ಕೆಂಪಿನಲ್ಲಿ ಎರಡು ಗುರುತುಗಳು ಮತ್ತೆ ಮತ್ತೆ ಬರುತ್ತವೆ. ಒಂದು ಆರ್ಖೇ, ಇನ್ನೊಂದು ಟೆಲೋಸ್. ಎರಡನ್ನೂ ಎರಡು ಮೂರು ಅಕ್ಷರಕ್ಕೆ ಮೊಟಕು ಮಾಡಿರುತ್ತಾರೆ. ಇಲ್ಲಿಂದ ಓದು, ಇಲ್ಲಿಗೆ ನಿಲ್ಲಿಸು ಎಂದರ್ಥ. ಯಾವ ದಿನದ ಓದು ಎಂಬುದು ಮೇಲಿನ ಅಥವಾ ಕೆಳಗಿನ ಅಂಚಿನಲ್ಲಿರುತ್ತದೆ. ಗ್ರೀಕ್ ಚರ್ಚಿನ ಓದಿನ ವರ್ಷ ಈಸ್ಟರ್ ದಿನದ ಯೋಹಾನ 1:1-17ರಿಂದ ಶುರು. ಆದ್ದರಿಂದ ಯೋಹಾನನ ಮೊದಲ ಪುಟದ ಹೊರಮೂಲೆಯನ್ನು ಹಿಗ್ಗಿಸಿ ನೋಡಿ. ಬೆರಳಿನ ಜಿಡ್ಡು ಹತ್ತಿ ಕಪ್ಪಾಗಿದ್ದರೆ, ಮೇಣದ ಹನಿ ಬಿದ್ದ ಕಲೆಯಿದ್ದರೆ, ಪುಸ್ತಕ ನಿಜವಾಗಿ ಬಳಕೆಯಲ್ಲಿತ್ತು ಎನ್ನಬಹುದು.

ಕೊನೆಯ ಹಾಳೆ

ಬರೆದವನ ಹೆಸರು, ಬರೆದ ವರ್ಷ ಇದ್ದರೆ ಇರುವುದು ಇಲ್ಲಿಯೇ. ಹೆಚ್ಚಿನ ಪ್ರತಿಗಳಲ್ಲಿ ಇರುವುದಿಲ್ಲ. ಇದ್ದರೆ ವರ್ಷವನ್ನು ಬಿಡಿಸುವ ಕ್ರಮ ಹೇಳುತ್ತೇನೆ.

ಬೈಜಾಂಟೈನರು, ಅಂದರೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಗ್ರೀಕ್ ಸಾಮ್ರಾಜ್ಯದವರು, ವರ್ಷವನ್ನು ಲೋಕಸೃಷ್ಟಿಯಿಂದ ಎಣಿಸುತ್ತಿದ್ದರು, ವರ್ಷಾರಂಭ ಸೆಪ್ಟೆಂಬರ್ 1. ನಾವು ಶಕವರ್ಷಕ್ಕೆ 78 ಕೂಡಿಸುವಂತೆ ಅಲ್ಲಿ 5508 ಕಳೆಯಬೇಕು. ತಿಂಗಳು ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗಿದ್ದರೆ 5509. ಜೊತೆಗೆ ಇಂಡಿಕ್ಷನ್ ಎಂಬ ಹದಿನೈದು ವರ್ಷದ ಆವರ್ತನೆಯೂ ಇರುತ್ತದೆ. ನಮ್ಮ ಅರವತ್ತು ಸಂವತ್ಸರಗಳ ಹಾಗೆ ಇದೂ ತಾಳೆ ನೋಡಲು ಬರುತ್ತದೆ: ಸೃಷ್ಟಿವರ್ಷವನ್ನು 15ರಿಂದ ಭಾಗಿಸಿದರೆ ಉಳಿಯುವ ಶೇಷವೇ ಇಂಡಿಕ್ಷನ್, ಶೇಷ ಸೊನ್ನೆಯಾದರೆ 15.

ಉದಾಹರಣೆಗೆ 461ನೇ ಸಂಖ್ಯೆಯ ಉಸ್ಪೆನ್ಸ್ಕಿ ಸುವಾರ್ತೆ. ತಾರೀಖಿರುವ ಸಣ್ಣಕ್ಷರದ ಗ್ರೀಕ್ ಪ್ರತಿಗಳಲ್ಲಿ ಇದೇ ಅತಿ ಹಳೆಯದು. ನಿಕೊಲಾಸ್ ಎಂಬ ಸನ್ಯಾಸಿ ಬರೆದದ್ದು, ಈಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಸೃಷ್ಟಿವರ್ಷ 6343, ಮೇ 7. ಅಕ್ಷರಗಳಲ್ಲಿ ಸ್ಟಿಗ್ಮಾ, ಟಾವ್, ಮ್ಯೂ, ಗ್ಯಾಮಾ. ಸ್ಟಿಗ್ಮಾದ ಎಡಬುಡದಲ್ಲಿ ಒಂದು ಗೀಟು ಬಿದ್ದರೆ ಅದು 6 ಅಲ್ಲ, 6000. ತಿಂಗಳು ಮೇ, ಹಾಗಾಗಿ 5508 ಕಳೆದರೆ ಕ್ರಿ.ಶ. 835. ಇಂಡಿಕ್ಷನ್ ಬೇಕೇ? 15ರಿಂದ ಭಾಗಿಸಿದರೆ 13 ಉಳಿಯುತ್ತದೆ. ನಿಮ್ಮ ಪ್ರತಿಯಲ್ಲಿ ವರ್ಷ, ಇಂಡಿಕ್ಷನ್ ಎರಡೂ ಇದ್ದು ಪರಸ್ಪರ ತಾಳೆಯಾಗದಿದ್ದರೆ ಯಾವುದೋ ಒಂದು ಅಕ್ಷರವನ್ನು ನೀವು ಅಥವಾ ಆತ ತಪ್ಪು ಮಾಡಿದ್ದೀರಿ, ಸಾಮಾನ್ಯವಾಗಿ ಆತನಲ್ಲ.

ಇಲ್ಲಿ ಮೂರು ಹಳ್ಳಗಳಿವೆ. ಮೊದಲನೆಯದು, ಸುವಾರ್ತೆಯ ಕೊನೆಯಲ್ಲಿ ‘ಕ್ರಿಸ್ತನ ಸ್ವರ್ಗಾರೋಹಣವಾಗಿ ಎಂಟು ವರ್ಷಕ್ಕೆ’ ಎಂಬಂಥ ಮಾತು ಬರುತ್ತದೆ. ಅದು ಮತ್ತಾಯ ಸುವಾರ್ತೆಯನ್ನು ರಚಿಸಿದ ಕಾಲದ ಬಗೆಗಿನ ಸಾಂಪ್ರದಾಯಿಕ ಹೇಳಿಕೆ, ಈ ಪುಸ್ತಕದ ತಾರೀಖಲ್ಲ. ಎರಡನೆಯದು, ಮತ್ತಾಯಕ್ಕೆ 2600, ಮಾರ್ಕನಿಗೆ 1600 ಎಂಬಂಥ ಸಂಖ್ಯೆ. ಅದು ಸಾಲುಗಳ ಎಣಿಕೆ. ಪುಟಲೆಕ್ಕದಲ್ಲಿ ದುಡ್ಡು ಪಡೆದ ನಮ್ಮಂಥವರಿಗೆ ಕೂಡಲೇ ಅರ್ಥವಾಗುತ್ತದೆ. ಮೂರನೆಯದು ನಕಲು ಮಾಡಿದ ಮುಕ್ತಾಯ. ‘ಜೆರುಸಲೇಮಿನ ಪ್ರಾಚೀನ ಪ್ರತಿಗಳೊಂದಿಗೆ ತಾಳೆ ನೋಡಿದ್ದು’ ಎಂಬ ವಾಕ್ಯ 157, 565 ಸೇರಿದಂತೆ ಹತ್ತಾರು ಪ್ರತಿಗಳಲ್ಲಿ ಸಿಗುತ್ತದೆ. ಅಷ್ಟೂ ಮಂದಿ ಜೆರುಸಲೇಮಿನ ಪ್ರತಿಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದರೆಂದಲ್ಲ. ಮೂಲದಲ್ಲಿದ್ದದ್ದನ್ನು ಮುಂದಿನವನು ಹಾಗೇ ಇಳಿಸಿದ.

‘ಪರದೇಶದಲ್ಲಿದ್ದವರು ತಾಯ್ನಾಡನ್ನು ಕಂಡು ಹಿಗ್ಗುವಂತೆ ಬರೆಯುವವರು ಪುಸ್ತಕದ ಕೊನೆಯನ್ನು ಕಂಡು ಹಿಗ್ಗುತ್ತಾರೆ’ ಎಂಬುದೂ ಅಷ್ಟೇ ಬಳಕೆಯ ಮಾತು. ಓದಿದವರು ಕರಗಿಬಿಡುತ್ತಾರೆ. ನಮ್ಮ ಓಲೆಗರಿಗಳ ಕೊನೆಯಲ್ಲಿ ‘ಭಗ್ನಪೃಷ್ಠ ಕಟಿಗ್ರೀವಃ’ ಎಂದು ಬೆನ್ನು, ಸೊಂಟ, ಕತ್ತು ಮುರಿದ ಬಗ್ಗೆ ಎಷ್ಟು ಲಿಪಿಕಾರರು ಅದೇ ಶ್ಲೋಕ ಬರೆದಿಲ್ಲ? ಬೆನ್ನುನೋವು ಎಲ್ಲರದೂ ನಿಜ, ಮಾತು ಯಾರ ಸ್ವಂತದ್ದೂ ಅಲ್ಲ. ‘ಸ್ವಸಂತೋಷದಿಂದ ಬರೆಸಿಕೊಟ್ಟ ಶುದ್ಧ ಕ್ರಯಪತ್ರ’ ಎಂದು ನಾನು ಬರೆದ ಎಷ್ಟೋ ಪತ್ರಗಳಲ್ಲಿ ಮಾರಿದವರು ಕಣ್ಣು ಒರೆಸಿಕೊಳ್ಳುತ್ತಾ ರುಜು ಹಾಕಿದ್ದಾರೆ.

ಪಠ್ಯಕ್ಕೆ ಇಳಿಯುವುದು

ಸುವಾರ್ತೆಯ ಮೊದಲ ಅಕ್ಷರ ದೊಡ್ಡದಾಗಿ, ಅಲಂಕಾರವಾಗಿ ಇರುತ್ತದೆ. ಬೀಟಾ ಆದರೆ ಮತ್ತಾಯ, ಆಲ್ಫಾ ಆದರೆ ಮಾರ್ಕ. ಎಪ್ಸಿಲಾನ್ ಆದರೆ ತಡೆಯಿರಿ, ಲೂಕ, ಯೋಹಾನ ಇಬ್ಬರೂ ಅದರಿಂದಲೇ ಶುರು ಮಾಡುತ್ತಾರೆ. ಯೋಹಾನನ ಮೊದಲ ಪದ ಎರಡೇ ಅಕ್ಷರ, ‘ಎನ್’, ಲೂಕನದು ಉದ್ದ.

ಸಣ್ಣಕ್ಷರದಲ್ಲಿ ತೊಂದರೆ ಕೊಡುವವು ನಾಲ್ಕೈದು. ಬೀಟಾ, ಕಪ್ಪಾ ಎರಡೂ ಇಂಗ್ಲಿಷಿನ ಯು ಹಾಗೆ ಕಾಣುತ್ತವೆ, ಈಟಾ ಇಂಗ್ಲಿಷಿನ ಎಚ್ ಹಾಗೆ; ನ್ಯೂ, ಮ್ಯೂ ಅಕ್ಕತಂಗಿಯರು. ಮೇಲೆ ಅಡ್ಡಗೆರೆ ಎಳೆದ ಎರಡು ಮೂರು ಅಕ್ಷರಗಳು ಕಂಡರೆ ಪವಿತ್ರ ನಾಮಗಳು: ಥೀಟಾ-ಸಿಗ್ಮಾ ದೇವರು, ಕಪ್ಪಾ-ಸಿಗ್ಮಾ ಕರ್ತ, ಅಯೋಟಾ-ಸಿಗ್ಮಾ ಯೇಸು, ಖೀ-ಸಿಗ್ಮಾ ಕ್ರಿಸ್ತ. ವಿಭಕ್ತಿ ಬದಲಾದಂತೆ ಕೊನೆಯ ಅಕ್ಷರ ಬದಲಾಗುತ್ತದೆ, ಗೆರೆ ಹಾಗೇ ಇರುತ್ತದೆ. ಈ ನಾಲ್ಕನ್ನು ಒಂದು ಪುಟದಲ್ಲಿ ಪೆನ್ಸಿಲಿನಿಂದ ಎಣಿಸುವುದು ಮೊದಲ ಪಾಠ.

ಎರಡನೆಯ ಪಾಠಕ್ಕೆ ಮತ್ತಾಯ 1:2-16. ವಂಶವೃಕ್ಷ! ತಹಶೀಲ್ದಾರರ ಕಚೇರಿಗೆ ವಂಶವೃಕ್ಷ ಬರೆದುಕೊಟ್ಟು ಸಾಕಾಗಿದ್ದ ನನಗೆ ಇಲ್ಲಿಯೂ ಅದೇ ಸಿಕ್ಕಿತು. ಆದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗದ್ಯವಿಲ್ಲ. ಅಬ್ರಹಾಮ, ಇಸಾಕ, ಯಾಕೋಬ, ಯೆಹೂದ ಎಂಬ ಹೆಸರುಗಳು ಕನ್ನಡ ಸತ್ಯವೇದದಿಂದ ನಿಮಗೆ ಗೊತ್ತು. ನಡುವೆ ‘ಎಗೆನ್ನೇಸೆನ್’, ಅಂದರೆ ಪಡೆದನು, ಎಂಬ ಒಂದೇ ಕ್ರಿಯಾಪದ ಸಾಲುಸಾಲಿಗೂ ಬರುತ್ತದೆ. ಗೊತ್ತಿರುವ ಹೆಸರಿನಿಂದ ಗೊತ್ತಿಲ್ಲದ ಅಕ್ಷರವನ್ನು ಬಿಡಿಸಿಕೊಳ್ಳುತ್ತಾ ಹೋಗಿ. ಹದಿನಾರನೆಯ ವಚನಕ್ಕೆ ಬರುವಷ್ಟರಲ್ಲಿ ಆ ಬರಹಗಾರನ ಕೈ ನಿಮಗೆ ಪರಿಚಯವಾಗಿರುತ್ತದೆ.

ನೋಡಲೇಬೇಕಾದ ಜಾಗಗಳು

ಪ್ರತಿಗಳು ಪರಸ್ಪರ ಎಲ್ಲಿ ಭಿನ್ನವಾಗುತ್ತವೆ ಎಂದು ತಿಳಿಯಲು ಎಲ್ಲವನ್ನೂ ಓದಬೇಕಿಲ್ಲ.

ಮಾರ್ಕ 16:8ರ ಅಂಚಿನಲ್ಲಿ 233 ಇರುತ್ತದೆ. ಯುಸೇಬಿಯಸನ ಎಣಿಕೆ ಅಲ್ಲಿಗೆ ಮುಗಿಯಿತು. ಆದರೆ ಪಠ್ಯ ಇನ್ನೂ ಹನ್ನೆರಡು ವಚನ ಮುಂದುವರಿಯುತ್ತದೆ. ಕೆಲವು ಬರಹಗಾರರು ಅಲ್ಲಿಂದ ಮುಂದೆ ತಾವೇ ಸಂಖ್ಯೆ ಹಾಕಿ ಹೊಂದಿಸಿದ್ದಾರೆ. ನಿಮ್ಮ ಪ್ರತಿಯಲ್ಲಿ 233ರ ಮೇಲಿನ ಸಂಖ್ಯೆ ಕಂಡರೆ ಅದು ಈ ಹೊಂದಾಣಿಕೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ 12ನೇ ಶತಮಾನದ 1ನೇ ಸಂಖ್ಯೆಯ ಪ್ರತಿ ಹೆಚ್ಚು ಪ್ರಾಮಾಣಿಕ: ಕೆಲವು ಪ್ರತಿಗಳಲ್ಲಿ ಸುವಾರ್ತೆ ಇಲ್ಲಿಗೇ ಮುಗಿಯುತ್ತದೆ, ಯುಸೇಬಿಯಸ್ ಇಲ್ಲಿಯವರೆಗೇ ಕೋಷ್ಟಕ ಮಾಡಿದ, ಆದರೆ ಅನೇಕ ಪ್ರತಿಗಳಲ್ಲಿ ಮುಂದಿನದೂ ಇದೆ ಎಂದು ನಡುವೆ ಷರಾ ಬರೆದಿದೆ. ಹೀಗೆ ಬರೆದ ಗುಮಾಸ್ತ ನನ್ನ ಬಳಿ ಇದ್ದಿದ್ದರೆ!

ಯೋಹಾನ 7:53ರಿಂದ 8:11, ವ್ಯಭಿಚಾರದಲ್ಲಿ ಹಿಡಿದು ತಂದ ಹೆಂಗಸಿನ ಪ್ರಸಂಗ. ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. 1ನೇ ಸಂಖ್ಯೆಯದರಲ್ಲಿ ಅದು ಯೋಹಾನನ ಸುವಾರ್ತೆಯ ಕೊನೆಗೆ ಹೋಗಿದೆ. 13ನೇ ಸಂಖ್ಯೆಯದನ್ನು ಹೋಲುವ ಪ್ರತಿಗಳ ಬಳಗದಲ್ಲಿ ಲೂಕ 21:38ರ ನಂತರ ಕುಳಿತಿದೆ. ಮಧ್ಯಯುಗದ ಹೆಚ್ಚಿನ ಪ್ರತಿಗಳಲ್ಲಿ ನಮಗೆ ಗೊತ್ತಿರುವ ಜಾಗದಲ್ಲೇ ಇದೆ, ಕೆಲವೊಮ್ಮೆ ಅಂಚಿನಲ್ಲಿ ನಕ್ಷತ್ರ ಅಥವಾ ಅಡ್ಡಗೀಟಿನ ಸಾಲಿನೊಂದಿಗೆ. ಆದರೆ ಎಚ್ಚರ. ಈಸ್ಟರ್‌ನಿಂದ ಐವತ್ತನೆಯ ದಿನ ಬರುವ ಪೆಂತೆಕೊಸ್ತೆ ಹಬ್ಬದ ಓದು 7:37ರಿಂದ 52, ಅಲ್ಲಿಂದ ಒಂದೇ ನೆಗೆತಕ್ಕೆ 8:12. ಅದಕ್ಕಾಗಿ 52ರ ನಂತರ ‘ದಾಟು’, 12ಕ್ಕೆ ‘ಶುರು ಮಾಡು’ ಎಂದು ಕೆಂಪಿನಲ್ಲಿ ಬರೆದಿರುತ್ತಾರೆ. ಅದು ಓದುಗನಿಗೆ ಹೇಳಿದ ಮಾತು, ಪಠ್ಯದ ಮೇಲೆ ಅನುಮಾನವಲ್ಲ. ನಕ್ಷತ್ರ ಬೇರೆ, ದಾಟು ಬೇರೆ.

ಲೂಕ 11:2ನ್ನೂ ನೋಡಿ. ಲಂಡನ್ನಿನಲ್ಲಿರುವ 11ನೇ ಶತಮಾನದ 700ನೇ ಸಂಖ್ಯೆಯ ಪ್ರತಿಯಲ್ಲಿ ‘ನಿನ್ನ ರಾಜ್ಯವು ಬರಲಿ’ ಎಂಬುದರ ಜಾಗದಲ್ಲಿ ‘ನಿನ್ನ ಪವಿತ್ರಾತ್ಮವು ನಮ್ಮ ಮೇಲೆ ಬಂದು ನಮ್ಮನ್ನು ಶುದ್ಧಮಾಡಲಿ’ ಎಂದಿದೆ. ನಿಮ್ಮದರಲ್ಲಿ ಇದು ಸಿಗುವ ಸಂಭವ ಬಹಳ ಕಡಿಮೆ.

ಕೊಳ್ಳುವ ಯೋಚನೆ ಬಂದರೆ

ಬೇಡ. ಜಾಲತಾಣಗಳಲ್ಲಿ ಬಿಡಿ ಹಾಳೆಗಳು ಮಾರಾಟಕ್ಕಿರುತ್ತವೆ. ಬಿಡಿ ಹಾಳೆ ಎಂದರೆ ಎಲ್ಲೋ ಒಂದು ಪುಸ್ತಕವನ್ನು ಒಡೆದಿದ್ದಾರೆ ಎಂದೇ. ಹಳೆಯ ಓಲೆಗರಿಯ ಬರಹದ ಮೇಲೆ ಗಣಪತಿ ಬಿಡಿಸಿ ಚೌಕಟ್ಟು ಹಾಕಿ ಪ್ರವಾಸಿಗರಿಗೆ ಮಾರುವವರನ್ನು ಕಂಡಾಗ ಬರುವ ಸಿಟ್ಟೇ ನನಗೆ ಇದರ ಮೇಲೂ ಬರುತ್ತದೆ. ಕಳವಿನ ಮಾತೂ ಇದೆ: ಉತ್ತರ ಗ್ರೀಸಿನ ಈಕೊಸಿಫಿನಿಸ್ಸ ಮಠದಿಂದ 1917ರಲ್ಲಿ ಲೂಟಿಯಾದ 1424ನೇ ಸಂಖ್ಯೆಯ ಪ್ರತಿ ಶಿಕಾಗೊದ ಲುಥೆರನ್ ಧರ್ಮಶಾಸ್ತ್ರ ಶಾಲೆಯಲ್ಲಿತ್ತು, 2016ರಲ್ಲಿ ಅವರು ಅದನ್ನು ಗ್ರೀಕ್ ಚರ್ಚಿಗೆ ಮರಳಿಸಿದರು. ನಕಲಿಗಳೂ ಉಂಟು. ಶಿಕಾಗೊ ವಿಶ್ವವಿದ್ಯಾಲಯದಲ್ಲಿರುವ 2427ನೇ ಸಂಖ್ಯೆಯ ಮಾರ್ಕನ ಸುವಾರ್ತೆಯನ್ನು ಬಹುಕಾಲ ಮಧ್ಯಯುಗದ್ದೆಂದೇ ನಂಬಿದ್ದರು. ಅದರ ಚಿತ್ರಗಳಲ್ಲಿ 18ನೇ ಶತಮಾನಕ್ಕೆ ಮೊದಲು ಇಲ್ಲದ ಪ್ರಷ್ಯನ್ ನೀಲಿ ಸಿಕ್ಕಿತು, ಪಠ್ಯವೂ 1860ರ ಒಂದು ಮುದ್ರಿತ ಪುಸ್ತಕದಿಂದ ಇಳಿಸಿದ್ದೆಂದು ಗೊತ್ತಾಯಿತು.

ಕೈಯಿಂದ ಮುಟ್ಟುವಷ್ಟು ಹತ್ತಿರದಿಂದ ಹಳೆಯ ಬರಹ ನೋಡುವ ಆಸೆಯಿದ್ದರೆ ಸಾಗರದ ಪಕ್ಕದ ಕೆಳದಿಗೆ ಹೋಗಿ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಓಲೆಗರಿಗಳ ದೊಡ್ಡ ಸಂಗ್ರಹವಿದೆ. ಪದಗಳ ನಡುವೆ ಬಿಡುವಿಲ್ಲದ ಸಾಲನ್ನು ಒಡೆಯುವುದಕ್ಕೆ ಕಣ್ಣು ಅಲ್ಲಿಯೂ ಪಳಗುತ್ತದೆ.

ಟಿಪ್ಪಣಿ

ಪ್ರತಿ ಪ್ರತಿಗೂ ನೋಟ್‌ಬುಕ್ಕಿನಲ್ಲಿ ಹೊಸ ಪುಟ. ಮೇಲೆ ಊರು, ಗ್ರಂಥಾಲಯ, ಅವರ ಕರೆಸಂಖ್ಯೆ, ಗ್ರೆಗರಿ ಸಂಖ್ಯೆ. ಆಮೇಲೆ ಹಾಳೆಗಳ ಮೊತ್ತ, ಬಣ್ಣ ತಪ್ಪಿದ ಕಡೆಗಳು, ಕೈ ಬದಲಾದ ಕಡೆಗಳು, ಕೋಷ್ಟಕ ಇದೆಯೇ ಇಲ್ಲವೇ, ತಾಳೆಯಾಗದ ಸಂಖ್ಯೆಗಳು, ಕೊನೆಯ ಹಾಳೆಯ ಬರಹ. ಅಳತೆಯನ್ನು ಪರದೆಯಿಂದ ಊಹಿಸಬೇಡಿ. ಚಿತ್ರದಲ್ಲಿ ಪಕ್ಕಕ್ಕೆ ಇಟ್ಟ ಅಳತೆಪಟ್ಟಿ ಇದ್ದರೆ ಅದರಿಂದ ತೆಗೆಯಿರಿ. ಕಾಲವನ್ನು ಬರಹದಿಂದ ಊಹಿಸುವುದಾದರೆ ಶತಮಾನಕ್ಕೆ ನಿಲ್ಲಿಸಿ, ದಶಕದವರೆಗೆ ಹೋಗಬೇಡಿ. ಕಂಡದ್ದನ್ನು ಪೆನ್ನಿನಲ್ಲಿ, ಊಹಿಸಿದ್ದನ್ನು ಪೆನ್ಸಿಲಿನಲ್ಲಿ ಬರೆಯಿರಿ.

ಒಂದು ಪ್ರತಿ ಮುಗಿದ ಮೇಲೆ ಎರಡನೆಯದಕ್ಕೆ ವಾಚನ ಗ್ರಂಥವೊಂದನ್ನು ಆರಿಸಿಕೊಳ್ಳಬಹುದು. ಅದರಲ್ಲಿ ಯೋಹಾನನೇ ಮೊದಲು, ಆಮೇಲೆ ಹಬ್ಬಗಳ ಕ್ರಮ. ಯುಸೇಬಿಯಸನ ಸಂಖ್ಯೆಗಳ ಆಸರೆ ಅಲ್ಲಿ ಸಿಗುವುದಿಲ್ಲ, ಆದ್ದರಿಂದ ಪಂಚಾಂಗದ ಹಾಗೆ ದಿನಗಳ ಪಟ್ಟಿಯೊಂದನ್ನು ಮೊದಲೇ ಬರೆದಿಟ್ಟುಕೊಳ್ಳಿ: ಈಸ್ಟರ್‌ನಿಂದ ಮುಂದಿನ ಈಸ್ಟರ್‌ನ ಹಿಂದಿನ ದಿನದವರೆಗೆ ಚಲಿಸುವ ದಿನಗಳದು ಒಂದು, ಸೆಪ್ಟೆಂಬರ್ 1ರಿಂದ ಶುರುವಾಗುವ ಸ್ಥಿರ ತಾರೀಖುಗಳದು ಇನ್ನೊಂದು.